ಹಸಿರು ರಸಾಯನಶಾಸ್ತ್ರದ ಅಳತೆಗೋಲು ಮತ್ತು ನೀರಿಲ್ಲದ ಸೀಮೆ: ಒಂದು ವಿಮರ್ಶಾತ್ಮಕ ಪರಿಶೀಲನೆ

ಕಳೆದ ಎರಡು ಮೂರು ದಶಕಗಳ ರಸಾಯನ ವಿಜ್ಞಾನದ ಸಂಶೋಧನ ಪ್ರಬಂಧಗಳಲ್ಲಿ ಬಹುವಾಗಿ ಮನ್ನಣೆ ಪಡೆದ ವಿಶೇಷಣಗಳಲ್ಲಿ ‘ಹಸಿರು’ ಎಂಬುದೂ ಒಂದು. ಹಸಿರು ಸಂಶ್ಲೇಷಣೆ, ಹಸಿರು ದ್ರಾವಕ, ಹಸಿರು ವೇಗವರ್ಧಕ ಎಂಬ ಪದಪುಂಜಗಳು ಶೀರ್ಷಿಕೆಗಳಲ್ಲಿ ಸ್ಥಿರವಾಗಿ ನೆಲೆಗೊಂಡಿವೆ. ಶೀರ್ಷಿಕೆಯಲ್ಲಿ ಕಾಣುವ ಈ ಗುಣವು ಪ್ರಯೋಗದ ಅಳತೆಗಳಲ್ಲಿಯೂ ಕಾಣುತ್ತದೆಯೇ, ಕಂಡರೆ ಆ ಅಳತೆಗಳು ಎಲ್ಲ ಸೀಮೆಗಳಿಗೂ ಸಮಾನವಾಗಿ ಒಪ್ಪುತ್ತವೆಯೇ ಎಂಬ ಪ್ರಶ್ನೆಗಳನ್ನು ವಿಮರ್ಶೆಯು ಕೇಳಲೇಬೇಕಾಗುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳನ್ನು ಒಳಗೊಂಡ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಈ ಸೀಮೆಯ ಆಯ್ಕೆಗೆ ಎರಡು ಕಾರಣಗಳಿವೆ. ಸುಸ್ಥಿರ ವಸ್ತುಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುವ ರೇಷ್ಮೆಯು ಇಲ್ಲಿನ ಜೀವನಾಧಾರ ಎಂಬುದು ಮೊದಲನೆಯದು. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ ಎಂಬುದು ಎರಡನೆಯದು. ನಂದಿ ಬೆಟ್ಟಸಾಲಿನ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಮೊದಲಾದ ಹೊಳೆಗಳು ಹುಟ್ಟಿದರೂ ಅವುಗಳ ನೀರು ಇಲ್ಲಿನವರ ಪಾಲಿಗೆ ಮಳೆಗಾಲದ ನೆನಪು ಮಾತ್ರ. ಅಂತರ್ಜಲ ಮೌಲ್ಯಮಾಪನಗಳು ಈ ಜಿಲ್ಲೆಯ ತಾಲ್ಲೂಕುಗಳನ್ನು ಅತಿಬಳಕೆಯ ವರ್ಗಕ್ಕೆ ಸೇರಿಸುತ್ತ ಬಂದಿವೆ. ವಸ್ತು ಹೇರಳವಾಗಿದ್ದು ನೀರು ವಿರಳವಾದ ಇಂಥ ನೆಲದಲ್ಲಿ ಹಸಿರಿನ ಅಳತೆಗೋಲು ತನ್ನ ನಿಜವಾದ ಪರೀಕ್ಷೆಗೆ ಒಳಗಾಗುತ್ತದೆ.

೧. ಪರಿಕಲ್ಪನೆಯ ಹಿನ್ನೆಲೆ

ಹಸಿರು ರಸಾಯನಶಾಸ್ತ್ರವು ಒಂದು ಸಿದ್ಧಾಂತವಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅಮೆರಿಕದಲ್ಲಿ ೧೯೯೦ರ ಮಾಲಿನ್ಯ ತಡೆ ಕಾಯ್ದೆಯು ಮಾಲಿನ್ಯವನ್ನು ಹುಟ್ಟಿದ ಮೇಲೆ ಶುದ್ಧೀಕರಿಸುವುದಕ್ಕಿಂತ ಹುಟ್ಟದಂತೆ ತಡೆಯುವುದೇ ಮೇಲೆಂಬ ನೀತಿಯನ್ನು ಸ್ವೀಕರಿಸಿತು. ೧೯೯೧ರಲ್ಲಿ ಬ್ಯಾರಿ ಟ್ರಾಸ್ಟ್ ಅವರು ಪರಮಾಣು ಮಿತವ್ಯಯದ ಪರಿಕಲ್ಪನೆಯನ್ನು ಮಂಡಿಸಿದರು. ಕ್ರಿಯೆಗೆ ಒಳಗಾದ ಪರಮಾಣುಗಳಲ್ಲಿ ಎಷ್ಟು ಪಾಲು ಬೇಕಾದ ಉತ್ಪನ್ನದಲ್ಲಿ ಉಳಿಯುತ್ತದೆ ಎಂಬ ಲೆಕ್ಕವದು. ಮರುವರ್ಷ ರೋಜರ್ ಶೆಲ್ಡನ್ ಅವರು ಒಂದು ಕಿಲೋಗ್ರಾಂ ಉತ್ಪನ್ನಕ್ಕೆ ಎಷ್ಟು ಕಿಲೋಗ್ರಾಂ ತ್ಯಾಜ್ಯ ಹುಟ್ಟುತ್ತದೆ ಎಂಬುದನ್ನು ಸೂಚಿಸುವ ‘ಇ-ಅಂಶ’ವನ್ನು ಪ್ರಚುರಪಡಿಸಿದರು. ೧೯೯೮ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಅವರು ತಮ್ಮ ಗ್ರಂಥದಲ್ಲಿ ಹನ್ನೆರಡು ಸೂತ್ರಗಳನ್ನು ನಿರೂಪಿಸಿದರು. ತ್ಯಾಜ್ಯ ತಡೆ ಮೊದಲನೆಯ ಸೂತ್ರ; ನವೀಕರಿಸಬಹುದಾದ ಕಚ್ಚಾವಸ್ತುವಿನ ಬಳಕೆ ಏಳನೆಯದು; ಬಳಕೆಯ ನಂತರ ನಿರಪಾಯವಾಗಿ ವಿಘಟನೆಗೊಳ್ಳುವ ವಸ್ತುವಿನ ವಿನ್ಯಾಸ ಹತ್ತನೆಯದು.

ಈ ಸೂತ್ರಗಳು ಒಂದನ್ನೊಂದು ತಿದ್ದಬೇಕಾದಂಥವು, ಬಿಡಿಬಿಡಿಯಾಗಿ ಆರಿಸಿಕೊಳ್ಳುವಂಥವಲ್ಲ. ವಾಸ್ತವದಲ್ಲಿ ಮಾತ್ರ ಹನ್ನೆರಡರಲ್ಲಿ ಒಂದೆರಡನ್ನು ಪಾಲಿಸಿದ ಪ್ರಯೋಗವೂ ಇಡಿಯ ವಿಶೇಷಣವನ್ನು ಧರಿಸುತ್ತದೆ. ಕಚ್ಚಾವಸ್ತು ಸಸ್ಯಮೂಲದ್ದಾದರೆ ಸಾಕು, ದ್ರಾವಕ, ಶಾಖ, ನೀರು, ದುಡಿಯುವವರ ಕ್ಷೇಮ ಇವುಗಳ ಪ್ರಶ್ನೆ ಹಿನ್ನೆಲೆಗೆ ಸರಿಯುತ್ತದೆ.

೨. ‘ಬಾಳಿಕೆ’ ಮತ್ತು ‘ಸುಸ್ಥಿರ’

ಕನ್ನಡದ ಪಾರಿಭಾಷಿಕ ಪದಗಳು ಈ ಗೊಂದಲವನ್ನು ಬಿಡಿಸಲು ನೆರವಾಗುತ್ತವೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದಂದಿನಿಂದ, ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ಅವರವರೆಗೆ, ಕನ್ನಡ ವಿಜ್ಞಾನ ಸಾಹಿತ್ಯವು ಪದದ ಆಯ್ಕೆಯನ್ನು ಕೇವಲ ಅನುವಾದದ ಕೆಲಸವೆಂದು ಭಾವಿಸಲಿಲ್ಲ; ಅರ್ಥವನ್ನು ನಿಷ್ಕರ್ಷೆಗೆ ಒಡ್ಡುವ ಅವಕಾಶವೆಂದು ಪರಿಗಣಿಸಿತು.

ಜನಬಳಕೆಯಲ್ಲಿರುವ ‘ಬಾಳಿಕೆ’ ಎಂಬ ಪದವು ವಸ್ತುವು ಎಷ್ಟು ಕಾಲ ಹಾಳಾಗದೆ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ‘ಸುಸ್ಥಿರ’ ಎಂಬುದು ಆ ವಸ್ತುವನ್ನು ಉತ್ಪಾದಿಸಿದ ನೆಲ, ನೀರು, ಜನ ಎಷ್ಟು ಕಾಲ ಹಾಳಾಗದೆ ಉಳಿಯಬಲ್ಲರು ಎಂಬುದನ್ನು ಹೇಳಬೇಕಾದ ಪದ. ಪಾಲಿಥೀನ್ ಚೀಲಕ್ಕೆ ಬಾಳಿಕೆ ಉಂಟು, ಸುಸ್ಥಿರತೆ ಇಲ್ಲ. ಮಣ್ಣಿನಲ್ಲಿ ಕರಗಿಹೋಗುವ ಎಲೆಯ ದೊನ್ನೆಗೆ ಬಾಳಿಕೆ ಇಲ್ಲ, ಸುಸ್ಥಿರತೆ ಉಂಟು. ರೇಷ್ಮೆಯು ಈ ಎರಡರ ನಡುವೆ ನಿಂತಿದೆ. ತಲೆಮಾರುಗಳ ಕಾಲ ಪೆಟ್ಟಿಗೆಯಲ್ಲಿ ಉಳಿಯುವ ಸೀರೆಯಾಗಿ ಅದಕ್ಕೆ ಬಾಳಿಕೆಯಿದೆ. ಪ್ರೋಟೀನಾಗಿ ಕಾಲಾನಂತರ ವಿಘಟನೆಗೊಳ್ಳುವ ಗುಣವೂ ಇದೆ. ಆದುದರಿಂದಲೇ ಅದನ್ನು ಸುಸ್ಥಿರವೆಂದು ತಕ್ಷಣ ಒಪ್ಪಿಬಿಡುವ ಪ್ರವೃತ್ತಿ ಪ್ರಬಲವಾಗಿದೆ. ವಸ್ತುವಿನ ಗುಣವನ್ನೇ ಪ್ರಕ್ರಿಯೆಯ ಗುಣವೆಂದು ಭಾವಿಸುವ ತಪ್ಪು ಇಲ್ಲಿಂದ ಆರಂಭವಾಗುತ್ತದೆ.

೩. ದಹನ ಸಂಶ್ಲೇಷಣೆ: ಒಂದು ನಿದರ್ಶನ

ಕರ್ನಾಟಕದ ಮಟ್ಟಿಗೆ ಪ್ರಕ್ರಿಯೆಯನ್ನೇ ಮುಖ್ಯವಾಗಿಸಿದ ಸಂಶೋಧನೆಗೆ ಒಂದು ಶ್ರೇಷ್ಠ ಮಾದರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಜೆ.ಜೆ. ಕಿಂಗ್ಸ್‌ಲಿ ಅವರೊಡನೆ ೧೯೮೮ರಲ್ಲಿ ಪ್ರಕಟಿಸಿದ ದ್ರಾವಣ ದಹನ ವಿಧಾನದಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾಗಳನ್ನು ನೀರಿನಲ್ಲಿ ಕರಗಿಸಿ ಸುಮಾರು ೫೦೦ ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟಾಗ, ಮಿಶ್ರಣವು ತಾನಾಗಿಯೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ನುಣುಪಾದ ಅಲ್ಯೂಮಿನಾ ಪುಡಿ ದೊರೆಯುತ್ತದೆ. ಇಂಥ ಆಕ್ಸೈಡುಗಳಿಗಾಗಿ ಗಂಟೆಗಟ್ಟಲೆ ಅತ್ಯುಷ್ಣದಲ್ಲಿ ಕಾಯಿಸಬೇಕಾಗಿದ್ದ ಅಗತ್ಯ ಇದರಿಂದ ತಪ್ಪಿತು. ಹನ್ನೆರಡು ಸೂತ್ರಗಳು ಅಚ್ಚಾಗುವುದಕ್ಕೆ ಹತ್ತು ವರ್ಷಗಳ ಮೊದಲೇ, ‘ಹಸಿರು’ ಎಂಬ ಹೆಸರಿಲ್ಲದೆಯೇ, ಇಂಧನ ಮಿತವ್ಯಯದ ಸೂತ್ರವು ಇಲ್ಲಿ ಕಾರ್ಯರೂಪಕ್ಕೆ ಬಂದಿತ್ತು ಎಂಬುದು ಗಮನಾರ್ಹ.

ಈ ವಿಧಾನದ ಬಲವಿರುವುದು ಅದರ ಲೆಕ್ಕದಲ್ಲಿ. ಅದೇ ಸಂಸ್ಥೆಯ ವಿಜ್ಞಾನಿಗಳು ೧೯೮೧ರಲ್ಲಿ ರೂಪಿಸಿದ ಪದ್ಧತಿಯ ಪ್ರಕಾರ ಇಂಧನದ ಒಟ್ಟು ವೇಲೆನ್ಸಿಯು ಉತ್ಕರ್ಷಕದ ಒಟ್ಟು ವೇಲೆನ್ಸಿಗೆ ಸಮನಾಗಬೇಕು. ಅಲ್ಯೂಮಿನಿಯಂ ನೈಟ್ರೇಟಿನದು ಋಣ ೧೫, ಯೂರಿಯಾದ್ದು ಧನ ೬. ಆದ್ದರಿಂದ ಒಂದು ಮೋಲ್ ನೈಟ್ರೇಟಿಗೆ ೨.೫ ಮೋಲ್ ಯೂರಿಯಾ ಬೇಕು. ಈ ಪ್ರಮಾಣದಲ್ಲಿ ದಹನ ಪೂರ್ಣಗೊಂಡಾಗ ಹೊರಬರುವುದು ನೈಟ್ರೊಜನ್, ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ. ಇಂಧನವು ಕಡಿಮೆಯಾದರೆ ವಿಷಕಾರಿಯಾದ ನೈಟ್ರೊಜನ್ ಆಕ್ಸೈಡುಗಳು ಹುಟ್ಟುತ್ತವೆ.

ಮುಂದಿನ ಘಟ್ಟದಲ್ಲಿ ಯೂರಿಯಾದ ಸ್ಥಾನಕ್ಕೆ ಎಲೆಯ ಸಾರ, ಹಣ್ಣಿನ ರಸ, ಗಿಡದ ಹಾಲು ಮೊದಲಾದವುಗಳನ್ನು ತಂದು ‘ಹಸಿರು ದಹನ ಸಂಶ್ಲೇಷಣೆ’ ಎಂಬ ಹೆಸರಿಟ್ಟ ಪ್ರಬಂಧಗಳು ಹೇರಳವಾದವು. ಜಿಲ್ಲಾ ಮಟ್ಟದ ಮಹಾವಿದ್ಯಾಲಯಗಳಿಗೂ ಎಟಕುವ, ದುಬಾರಿ ಉಪಕರಣವಿಲ್ಲದ ಸಂಶೋಧನೆಗೆ ಇದು ದಾರಿ ಮಾಡಿಕೊಟ್ಟಿತು; ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮೂಲ ವಿಧಾನದ ಜೀವಾಳವೇ ಇಲ್ಲಿ ಕೈಬಿಟ್ಟುಹೋಗುತ್ತದೆ. ಎಲೆಯ ಸಾರದಲ್ಲಿ ಸಕ್ಕರೆ, ಫೀನಾಲ್, ಪ್ರೋಟೀನ್ ಮುಂತಾದವು ಯಾವ ಪ್ರಮಾಣದಲ್ಲಿವೆ ಎಂಬುದು ಮಣ್ಣು, ಋತು, ಗಿಡದ ವಯಸ್ಸುಗಳನ್ನು ಅವಲಂಬಿಸಿದೆ. ಸಾರದ ರಚನೆ ತಿಳಿಯದಿದ್ದರೆ ಅದರ ವೇಲೆನ್ಸಿ ತಿಳಿಯದು. ವೇಲೆನ್ಸಿ ತಿಳಿಯದಿದ್ದರೆ ಪ್ರಮಾಣ ತಿಳಿಯದು. ಪ್ರಮಾಣ ತಿಳಿಯದಿದ್ದರೆ ಹೊರಬರುವ ಅನಿಲ ಯಾವುದೆಂದು ಹೇಳಲಾಗದು. ಉತ್ಕರ್ಷಕವು ಮಾತ್ರ ಹಿಂದಿನಂತೆಯೇ ಲೋಹದ ನೈಟ್ರೇಟ್. ಹೀಗಾಗಿ ಇಂಧನವು ಗಿಡದಿಂದ ಬಂದಿತೆಂಬ ಒಂದೇ ಕಾರಣಕ್ಕೆ ಪ್ರಕ್ರಿಯೆಯು ಹಸಿರಾಯಿತು ಎನ್ನುವುದು ತರ್ಕಕ್ಕೆ ನಿಲ್ಲದು. ಲೆಕ್ಕವಿದ್ದ ಯೂರಿಯಾ ಪ್ರಯೋಗವು ಲೆಕ್ಕವಿಲ್ಲದ ಎಲೆಸಾರದ ಪ್ರಯೋಗಕ್ಕಿಂತ ಹೆಚ್ಚು ಹಸಿರಾಗಿರುವ ಸಾಧ್ಯತೆಯೂ ಇದೆ.

೪. ಶಿಡ್ಲಘಟ್ಟದ ಗೂಡು

ಇದೇ ಪ್ರಶ್ನೆಯನ್ನು ರೇಷ್ಮೆಗೆ ಅನ್ವಯಿಸಿದಾಗ ಅದರ ಗಾಂಭೀರ್ಯ ಹೆಚ್ಚುತ್ತದೆ. ರೇಷ್ಮೆಯ ಎಳೆಯು ಎರಡು ಪ್ರೋಟೀನುಗಳಿಂದಾಗಿದೆ: ಒಳಗಿನ ನಾರು ಫೈಬ್ರಾಯಿನ್, ಹೊರಗಿನ ಅಂಟು ಸೆರಿಸಿನ್. ತೂಕದಲ್ಲಿ ಅಂಟಿನ ಪಾಲು ಸುಮಾರು ಶೇಕಡ ೨೫ರಿಂದ ೩೦. ಈ ಅಂಟಿನಿಂದಲೇ ೧೮೬೫ರಲ್ಲಿ ಎಮಿಲ್ ಕ್ರಾಮರ್ ಅವರು ಸೀರಿನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಮಿಲ್ ಫಿಶರ್ ಅವರು ಪ್ರೋಟೀನುಗಳ ರಚನೆಯನ್ನು ಅರಸುತ್ತ ಫೈಬ್ರಾಯಿನನ್ನು ವಿಭಜಿಸಿ ನೋಡಿದರು. ೧೯೫೫ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಅದರ ಮಡಿಕೆ ಹಾಳೆಯಂಥ ರಚನೆಯನ್ನು ವಿವರಿಸಿದರು. ಇತ್ತೀಚೆಗೆ ರೇಷ್ಮೆಯು ಬಟ್ಟೆಯ ಎಲ್ಲೆಯನ್ನು ದಾಟಿ ಗಾಯದ ಪಟ್ಟಿ, ಅಂಗಾಂಶದ ಆಸರೆ, ಔಷಧ ವಾಹಕಗಳ ಕಡೆಗೆ ಸಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಟಿ. ಗೋವಿಂದರಾಜು ಮತ್ತು ಸಂಗಡಿಗರು ೨೦೧೬ರಲ್ಲಿ ರೇಷ್ಮೆ ಮತ್ತು ಮೆಲನಿನ್‌ಗಳ ನ್ಯಾನೋನಾರನ್ನು ಸ್ನಾಯು ಅಂಗಾಂಶದ ಬೆಳವಣಿಗೆಗೆ ಬಳಸಿದ ಸಂಶೋಧನೆಯನ್ನು ಪ್ರಕಟಿಸಿದ್ದಾರೆ.

ಇಂಥ ವಸ್ತುವಿನ ಮೂಲವಾದ ಗೂಡು ರಾಜ್ಯದ ಪ್ರಮುಖ ಮಾರುಕಟ್ಟೆಗಳಲ್ಲಿ ಒಂದಾದ ಶಿಡ್ಲಘಟ್ಟದಲ್ಲಿ ಹರಾಜಾಗುತ್ತದೆ. ಅಲ್ಲಿಂದ ಚರಕ, ಕಾಟೇಜ್ ಬೇಸಿನ್‌ಗಳ ಬಿಸಿನೀರಿಗೆ ಇಳಿಯುತ್ತದೆ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ತಳಿಯನ್ನು ಅನುಸರಿಸಿ ಸುಮಾರು ೬ರಿಂದ ೮ ಕಿಲೋಗ್ರಾಂ ಗೂಡು ಬೇಕಾಗುತ್ತದೆ. ಉಳಿದ ತೂಕದ ಬಹುಪಾಲು ಹುಳುವಿನ ಕೋಶ. ಎಣ್ಣೆ ಮತ್ತು ಪ್ರೋಟೀನಿನಿಂದ ಸಮೃದ್ಧವಾದ ಈ ಕೋಶವು ಕೋಳಿ ಮತ್ತು ಮೀನಿನ ಆಹಾರವಾಗಿ, ಗೊಬ್ಬರವಾಗಿ ಬಳಕೆಯಾಗುತ್ತದೆ. ತ್ಯಾಜ್ಯವನ್ನು ಸಂಪನ್ಮೂಲವಾಗಿಸುವ ಈ ಪದ್ಧತಿಯು ಪ್ರಯೋಗಾಲಯದ ಸೂತ್ರಗಳಿಗಿಂತ ಹಳೆಯದು ಎಂಬುದನ್ನು ಮರೆಯಬಾರದು.

ಅಂಟಿನ ವಿಷಯ ಹಾಗಲ್ಲ. ನೂಲು ಬಿಚ್ಚುವಾಗ ಅಂಟು ಮೆದುವಾಗುತ್ತದೆಯೇ ಹೊರತು ಪೂರ್ಣವಾಗಿ ಕಳಚುವುದಿಲ್ಲ. ಅದು ಕಳಚುವುದು ಸಾಬೂನು ಮತ್ತು ಸೋಡಾ ಬೆರೆಸಿದ ಕುದಿನೀರಿನಲ್ಲಿ, ಬಣ್ಣ ಹಾಕುವ ಮೊದಲು, ಬಹುಮಟ್ಟಿಗೆ ಬೇರೆ ಊರುಗಳಲ್ಲಿ. ಪ್ರೋಟೀನಿನಿಂದ ತುಂಬಿದ ಆ ನೀರು ಕೆರೆಕುಂಟೆಗೆ ಸೇರಿದರೆ ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಗೂಡು ಒಂದೆಡೆ, ಅಂಟಿನ ನೀರು ಇನ್ನೊಂದೆಡೆ, ಸೀರೆಯ ಲಾಭ ಮತ್ತೊಂದೆಡೆ. ಲೆಕ್ಕದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಇಲ್ಲಿ ವಿವಾದದ ವಿಷಯ. ಗೆರೆಯನ್ನು ಶಿಡ್ಲಘಟ್ಟದ ಎಲ್ಲೆಯಲ್ಲಿ ಎಳೆದರೆ ಉದ್ಯಮವು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ.

೫. ಲೆಕ್ಕದಿಂದ ಹೊರಗುಳಿದ ನೀರು

ಪ್ರಯೋಗಾಲಯದಲ್ಲಿ ಗೂಡಿನಿಂದ ಫೈಬ್ರಾಯಿನ್ ದ್ರಾವಣವನ್ನು ಪಡೆಯಲು ಜಗತ್ತಿನಾದ್ಯಂತ ಅನುಸರಿಸಲಾಗುವ ವಿಧಾನವನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಡೇವಿಡ್ ಕಪ್ಲಾನ್ ಅವರ ಬಳಗವು ೨೦೧೧ರಲ್ಲಿ ವಿವರವಾಗಿ ಪ್ರಕಟಿಸಿತು. ಅದರಲ್ಲಿ ೫ ಗ್ರಾಂ ಗೂಡಿನ ಚೂರುಗಳನ್ನು ೪.೨೪ ಗ್ರಾಂ ಸೋಡಿಯಂ ಕಾರ್ಬೊನೇಟ್ ಕರಗಿಸಿದ ೨ ಲೀಟರ್ ಕುದಿನೀರಿನಲ್ಲಿ ೩೦ ನಿಮಿಷ ಬೇಯಿಸಲಾಗುತ್ತದೆ. ಅಂಟು ಹೋದ ನಾರನ್ನು ತೊಳೆದು ಒಣಗಿಸಿ, ಒಂದು ಗ್ರಾಂಗೆ ೪ ಮಿಲಿಲೀಟರಿನಂತೆ ೯.೩ ಮೋಲಾರ್ ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಬಳಿಕ ನೀರನ್ನು ಬದಲಿಸುತ್ತ ಎರಡು ದಿನ ಡಯಾಲಿಸಿಸ್ ನಡೆಸಲಾಗುತ್ತದೆ.

ಈ ಅಂಕಿಗಳಿಂದ ಇ-ಅಂಶವನ್ನು ಗಣಿಸಿ ನೋಡಬಹುದು. ೫ ಗ್ರಾಂ ಗೂಡಿನಿಂದ ಸುಮಾರು ೩.೬ ಗ್ರಾಂ ಫೈಬ್ರಾಯಿನ್ ಉಳಿಯಿತೆಂದು ಭಾವಿಸಿದರೆ, ಒಂದು ಗ್ರಾಂ ಫೈಬ್ರಾಯಿನಿಗೆ ಹೊರಹೋದ ಅಂಟು ಸುಮಾರು ೦.೪ ಗ್ರಾಂ, ಸೋಡಾ ಸುಮಾರು ೧.೨ ಗ್ರಾಂ, ಲಿಥಿಯಂ ಬ್ರೋಮೈಡ್ ಸುಮಾರು ೩.೨ ಗ್ರಾಂ. ಒಟ್ಟು ಇ-ಅಂಶ ೫ಕ್ಕಿಂತ ತುಸು ಕಡಿಮೆ. ಔಷಧ ತಯಾರಿಕೆಯಲ್ಲಿ ಇ-ಅಂಶವು ೨೫ರಿಂದ ೧೦೦ನ್ನೂ ಮೀರುತ್ತದೆಂದು ಶೆಲ್ಡನ್ ಗುರುತಿಸಿದ್ದನ್ನು ನೆನೆದರೆ ಇದು ಅಭಿಮಾನಪಡಬೇಕಾದ ಅಂಕಿ. ಆದರೆ ಈ ಲೆಕ್ಕದಲ್ಲಿ ನೀರು ಸೇರಿಲ್ಲ. ಬೇಯಿಸಿದ ನೀರೊಂದನ್ನೇ ಸೇರಿಸಿದರೂ ಅಂಕಿಯು ೫೫೦ನ್ನು ದಾಟುತ್ತದೆ. ತೊಳೆದ ನೀರು, ಡಯಾಲಿಸಿಸ್ ನೀರು ಇನ್ನೂ ಬೇರೆ.

ನೀರನ್ನು ಹೊರಗಿಟ್ಟದ್ದು ಅಜಾಗರೂಕತೆಯಿಂದಲ್ಲ. ನೀರನ್ನು ಸೇರಿಸಿದರೆ ಅಂಕಿಗಳು ವಿಪರೀತ ಬೆಳೆದು ಪ್ರಕ್ರಿಯೆಗಳ ನಡುವಣ ಹೋಲಿಕೆ ಕಷ್ಟವಾಗುತ್ತದೆಂಬ ಕಾರಣಕ್ಕೆ ಶೆಲ್ಡನ್ ಅವರ ಮೊದಲ ಲೆಕ್ಕಗಳಲ್ಲಿ ಅದನ್ನು ಬಿಡಲಾಗಿತ್ತು. ಮುಂದೆ ಔಷಧೋದ್ಯಮವು ನೀರನ್ನೂ ಒಳಗೊಂಡ ಅಳತೆಗಳನ್ನು ಬಳಕೆಗೆ ತಂದಿತು. ೨೦೧೫ರಲ್ಲಿ ಶೆಲ್ಡನ್ ಅವರೂ ಸೇರಿದಂತೆ ಕೆಲವು ವಿಜ್ಞಾನಿಗಳು ದ್ರಾವಕ ಮತ್ತು ನೀರುಗಳನ್ನು ಸೇರಿಸಿದ ‘ಪೂರ್ಣ ಇ-ಅಂಶ’ವನ್ನು ಪ್ರತ್ಯೇಕವಾಗಿ ನಿರ್ದೇಶಿಸಿದರು. ಆದರೂ ನೀರನ್ನು ಬಳಸಿದ ಪ್ರಯೋಗವೆಲ್ಲ ತಾನಾಗಿಯೇ ಹಸಿರು ಎಂಬ ನಂಬಿಕೆ ಅಳಿದಿಲ್ಲ. ವಿಷಕಾರಿ ಸಾವಯವ ದ್ರಾವಕದ ಬದಲು ನೀರನ್ನು ಬಳಸುವುದು ನಿರ್ವಿವಾದವಾಗಿ ಒಳ್ಳೆಯದು. ನದಿಯ ದಂಡೆಯ ನಗರದಲ್ಲಿ ಅಲ್ಲಿಗೆ ಮಾತು ಮುಗಿಯಬಹುದು. ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಯಬೇಕಾದ ಊರಿನಲ್ಲಿ ಅಲ್ಲಿಂದಲೇ ಮಾತು ಆರಂಭವಾಗುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪ್ರಯೋಗಾಲಯದ ಪ್ರಮಾಣವನ್ನು ಕಾರ್ಖಾನೆಗೆ ಅನ್ವಯಿಸಬಾರದು ಎಂಬುದು ಒಂದು. ಅದು ಯುಕ್ತವೇ, ಕಾರ್ಖಾನೆಯಲ್ಲಿ ಒಂದು ಕಿಲೋಗ್ರಾಂ ರೇಷ್ಮೆಯ ಅಂಟು ತೆಗೆಯಲು ನೂರಾರು ಲೀಟರಲ್ಲ, ಹತ್ತಾರು ಲೀಟರ್ ನೀರು ಸಾಕಾಗುತ್ತದೆ. ಆದರೆ ಇದರಿಂದ ನೀರನ್ನು ಲೆಕ್ಕಕ್ಕೆ ಸೇರಿಸಬೇಕೆಂಬ ವಾದ ಬಲಗೊಳ್ಳುತ್ತದೆಯೇ ಹೊರತು ದುರ್ಬಲವಾಗುವುದಿಲ್ಲ. ಲೆಕ್ಕ ಹಾಕಿದಲ್ಲಿ ಮಾತ್ರ ಉಳಿತಾಯ ಕಾಣುತ್ತದೆ. ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಬಹುದು ಎಂಬುದು ಎರಡನೆಯದು. ಅಧಿಕ ಒತ್ತಡದ ಬಿಸಿನೀರಿನಿಂದ ಅಥವಾ ಕಿಣ್ವಗಳಿಂದ ಅಂಟು ತೆಗೆದು, ಪೊರೆಯ ಮೂಲಕ ಸೋಸಿ ಸೆರಿಸಿನನ್ನು ಮರಳಿ ಪಡೆಯುವ ವಿಧಾನಗಳು ಇರುವುದು ನಿಜ. ತೇವಾಂಶವನ್ನು ಹಿಡಿದಿಡುವ ಗುಣದಿಂದಾಗಿ ಸೆರಿಸಿನ್ ಪ್ರಸಾಧನ ಸಾಮಗ್ರಿಗಳಲ್ಲಿ ಬೆಲೆಯುಳ್ಳ ವಸ್ತು. ಹಸಿರು ರಸಾಯನಶಾಸ್ತ್ರದ ಪ್ರತಿಭೆಯು ವಿನಿಯೋಗವಾಗಬೇಕಾದದ್ದು ಇಲ್ಲಿಯೇ. ಆದರೆ ಶಾಖ, ಪೊರೆ ಮತ್ತು ಯಂತ್ರಗಳ ವೆಚ್ಚವನ್ನು ಸಣ್ಣ ಘಟಕಗಳು ಭರಿಸಬಲ್ಲವೇ ಎಂಬುದನ್ನೂ ಅದೇ ಪ್ರಬಂಧದೊಳಗೆ ಪರಿಶೀಲಿಸಿದಾಗ ಮಾತ್ರ ಆ ಸಂಶೋಧನೆ ಪೂರ್ಣವೆನಿಸುತ್ತದೆ.

ನೀರಿನ ಪ್ರಶ್ನೆಗೆ ಇನ್ನೊಂದು ಮುಖವಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಬಳಸಿದ ನೀರು ಎರಡನೆಯ ಹಂತದ ಸಂಸ್ಕರಣೆಯ ಬಳಿಕ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿದಿದೆ. ಮೂರನೆಯ ಹಂತದ ಸಂಸ್ಕರಣೆಯೂ ಬೇಕೆಂಬುದು ಈ ಸೀಮೆಯ ಜನರ ಬೇಡಿಕೆ. ಬೆಂಗಳೂರಿನ ಸ್ನಾನದ ಮನೆಯ ಮಾರ್ಜಕ, ಆಸ್ಪತ್ರೆಯ ಔಷಧ, ಕಾರ್ಖಾನೆಯ ಬಣ್ಣ ಯಾವ ರಚನೆಯವು, ಎಷ್ಟು ಬೇಗ ವಿಘಟನೆಗೊಳ್ಳುತ್ತವೆ ಎಂಬುದು ಹೀಗೆ ಚಿಕ್ಕಬಳ್ಳಾಪುರದ ಕೆರೆಯ ಪ್ರಶ್ನೆಯಾಗಿ ಪರಿಣಮಿಸಿದೆ. ಹನ್ನೆರಡರಲ್ಲಿ ಹತ್ತನೆಯ ಸೂತ್ರಕ್ಕೆ ಇದಕ್ಕಿಂತ ಹತ್ತಿರದ ಭಾಷ್ಯವನ್ನು ಹುಡುಕಬೇಕಾಗಿಲ್ಲ.

೬. ದುಡಿಯುವ ಕೈ

ಹಸಿರಿನ ಚರ್ಚೆಯಲ್ಲಿ ಬಹುಮಟ್ಟಿಗೆ ಕಾಣೆಯಾಗುವ ಇನ್ನೊಂದು ಅಂಶ ದುಡಿಯುವವರ ದೇಹ. ಕಡಿಮೆ ಅಪಾಯದ ಕಾರಕಗಳನ್ನು ಬಳಸಬೇಕೆಂಬ ಸೂತ್ರವು ರೇಷ್ಮೆ ಕೃಷಿಯಲ್ಲಿ ಕಾರ್ಯಗತವಾದ ಒಂದು ಸಂದರ್ಭವನ್ನು ಇಲ್ಲಿ ಸ್ಮರಿಸಬಹುದು. ಹುಳುಮನೆಯ ಸೋಂಕು ನಿವಾರಣೆಗೆ ಫಾರ್ಮಲಿನ್ ದೀರ್ಘಕಾಲ ಬಳಕೆಯಲ್ಲಿತ್ತು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಸುಣ್ಣದೊಡನೆ ಬಳಸುವ ಕ್ಲೋರಿನ್ ಡೈ ಆಕ್ಸೈಡ್ ಆಧಾರಿತ ನಿವಾರಕಗಳನ್ನು ರೇಷ್ಮೆ ಸಂಶೋಧನ ಸಂಸ್ಥೆಗಳು ಬೆಳೆಗಾರರಿಗೆ ಶಿಫಾರಸು ಮಾಡಿದುದು ಹೆಸರಿಲ್ಲದ ಹಸಿರು ರಸಾಯನಶಾಸ್ತ್ರವೇ ಸರಿ. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿಸಿದ ರೇಷ್ಮೆ ಕೃಷಿ ಮಹಾವಿದ್ಯಾಲಯದಂಥ ಸಂಸ್ಥೆಗಳಿಗೆ ಈ ಬಗೆಯ ಬದಲಾವಣೆಯ ಪರಿಣಾಮವನ್ನು ಹುಳುಮನೆಯಲ್ಲಿಯೇ ಅಳೆಯುವ ಅನುಕೂಲವಿದೆ.

ನೂಲು ಬಿಚ್ಚುವ ಹಂತದಲ್ಲಿ ಪರಿಸ್ಥಿತಿ ಭಿನ್ನ. ಚರಕದ ಮುಂದೆ ಕುಳಿತವರ ಬೆರಳುಗಳು ದಿನವಿಡೀ ಸುಡುನೀರಿನಲ್ಲಿ ಎಳೆಯ ತುದಿಯನ್ನು ಅರಸುತ್ತವೆ. ೨೦೦೩ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತದ ದುಡಿಮೆಯನ್ನು ದಾಖಲಿಸಿತು. ಸ್ವಯಂಚಾಲಿತ ಯಂತ್ರಗಳು ಈ ಶ್ರಮವನ್ನು ತಗ್ಗಿಸಬಲ್ಲವಾದರೂ ಅವು ಮುಖ್ಯವಾಗಿ ಉತ್ತಮ ದರ್ಜೆಯ ದ್ವಿತಳಿ ಗೂಡುಗಳಿಗೆ ಒಗ್ಗುವಂಥವು. ಅವುಗಳ ಬಂಡವಾಳವೂ ದೊಡ್ಡದು. ಕಡಿಮೆ ಶಾಖದಲ್ಲಿ ಅಂಟನ್ನು ಮೆದುಗೊಳಿಸುವ ಸುರಕ್ಷಿತ ಕಾರಕವೊಂದು ದೊರೆತರೆ ಉಳಿಯುವುದು ಸೌದೆ ಮಾತ್ರವಲ್ಲ, ಬೆರಳುಗಳ ಚರ್ಮವೂ ಹೌದು. ಇಂಥ ಸಂಶೋಧನೆಗೆ ಪ್ರತಿಷ್ಠೆಯ ನಿಯತಕಾಲಿಕೆಗಳಲ್ಲಿ ನ್ಯಾನೋಕಣಗಳಿಗೆ ದೊರೆಯುವ ಮನ್ನಣೆ ದೊರೆಯದಿರಬಹುದು. ಅದರ ಅಗತ್ಯ ಮಾತ್ರ ಅದರಿಂದ ಕುಗ್ಗದು.

೭. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ವಸ್ತುವಿನ ಮೂಲ ಹಸಿರಾಗಿದ್ದ ಮಾತ್ರಕ್ಕೆ ಪ್ರಕ್ರಿಯೆ ಹಸಿರಾಗುವುದಿಲ್ಲ. ಎಲೆಸಾರದ ದಹನ ಸಂಶ್ಲೇಷಣೆ ಇದಕ್ಕೆ ನಿದರ್ಶನ. ಪ್ರಕ್ರಿಯೆಯ ಅಳತೆಗೋಲು ಸರ್ವದೇಶೀಯವೆಂದು ತೋರಿದರೂ ಅದರಲ್ಲಿ ಅದು ಹುಟ್ಟಿದ ಸೀಮೆಯ ಅನುಕೂಲಗಳು ಅಡಗಿರುತ್ತವೆ. ಲೆಕ್ಕದಿಂದ ಹೊರಗುಳಿದ ನೀರು ಇದಕ್ಕೆ ಸಾಕ್ಷಿ. ಕೊನೆಯದಾಗಿ, ತ್ಯಾಜ್ಯವನ್ನು ಅಳೆಯುವ ಗಣಿತವು ದುಡಿಯುವ ಕೈಯನ್ನು ತಾನಾಗಿ ಕಾಣಲಾರದು. ಅದನ್ನು ಕಾಣಿಸುವ ಹೊಣೆ ಸಂಶೋಧಕನದು.

ಈ ಸೀಮೆಗೆ ಪ್ರಶ್ನಿಸುವ ಪರಂಪರೆಯೊಂದು ಉಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ದುಡಿದ ಎಚ್. ನರಸಿಂಹಯ್ಯನವರು (೧೯೨೦–೨೦೦೫) ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ೧೯೭೬ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಪರೀಕ್ಷೆಗೆ ಒಳಪಡದ ಯಾವ ಹೇಳಿಕೆಯೂ, ಅದನ್ನು ಹೇಳುವವರು ಯಾರೇ ಆಗಿರಲಿ, ಒಪ್ಪಿಗೆಗೆ ಅರ್ಹವಲ್ಲ ಎಂಬುದು ಅವರ ಬದುಕಿನ ನಿಲುವಾಗಿತ್ತು. ವಿಜ್ಞಾನದ ಹೊರಗಿನ ಹೇಳಿಕೆಗಳಿಗೆ ಅವರು ಅನ್ವಯಿಸಿದ ಆ ನಿಲುವನ್ನು ವಿಜ್ಞಾನದ ಒಳಗಿನ ವಿಶೇಷಣಗಳಿಗೂ ಅನ್ವಯಿಸಬೇಕಾಗಿದೆ. ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮಹಾವಿದ್ಯಾಲಯಗಳಲ್ಲಿ ನಡೆಯುವ ರಸಾಯನ ಸಂಶೋಧನೆಯು ಪ್ರತಿ ಪ್ರಯೋಗದ ಕೊನೆಗೆ ಬಳಸಿದ ನೀರು ಎಷ್ಟು ಲೀಟರ್, ಅದು ಹರಿದುಹೋದದ್ದು ಎಲ್ಲಿಗೆ ಎಂಬ ಎರಡು ಅಂಕಣಗಳನ್ನು ಸೇರಿಸಿಕೊಂಡರೆ, ಹಸಿರು ರಸಾಯನಶಾಸ್ತ್ರಕ್ಕೆ ಈ ನೆಲದಿಂದ ಸಲ್ಲುವ ಕೊಡುಗೆ ಅಲ್ಪವಾಗಲಾರದು. ಶಿಡ್ಲಘಟ್ಟದ ಗೂಡು ಆ ಲೆಕ್ಕಕ್ಕೆ ಒದಗಿಬಂದ ಮೊದಲ ವಸ್ತುವಾಗಲು ಎಲ್ಲ ರೀತಿಯಲ್ಲಿಯೂ ಅರ್ಹವಾಗಿದೆ.